ಜೀಪಿನ ಫೈಬರ್ ಟಾಪಿಗೆ ಸ್ಕ್ರೂ ಹೊಡೆಸುವ ಮೊದಲು ಇದನ್ನು ಓದಿ

ಮೂಡಿಗೆರೆ ಕಡೆ ಜೀಪ್ ಇಟ್ಟುಕೊಂಡವರಿಗೆ ಈ ಆಸೆ ಬಂದೇ ಬರುತ್ತದೆ. ಟಾರ್ಚು, ಹಗ್ಗ, ಕತ್ತಿ, ರೈನ್ ಕೋಟು, ಸ್ಪ್ಯಾನರು ಎಲ್ಲ ಸೀಟಿನ ಕೆಳಗೆ ಉರುಳಾಡುತ್ತಿರುತ್ತವೆ. ತಲೆ ಮೇಲೆ ನೋಡಿದರೆ ಅಷ್ಟು ಜಾಗ ಸುಮ್ನೆ ಖಾಲಿ. ಅಲ್ಲೊಂದು ರ‍್ಯಾಕ್ ಹಾಕಿಸಿದರೆ ಆಯ್ತಲ್ಲ ಅನ್ನಿಸುತ್ತದೆ. ನನಗೂ ಅನ್ನಿಸಿತು, ಹಾಕಿಸಿದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ನನ್ನದು ಮಹೀಂದ್ರದ ಹಳೇ ಜೀಪ್, ಎಂಎಂ 540. ಮೇಲೆ ಬಿಚ್ಚಿಡುವ ಫೈಬರ್ ಟಾಪ್ (ಫೈಬರ್ ಗ್ಲಾಸಿನ ಚಾವಣಿ) ಕೂರಿಸಿದ್ದೇನೆ. ಮಳೆಗಾಲಕ್ಕೆ ಟಾಪ್ ಬೇಕು, ಕಾಫಿ ಕೊಯ್ಲು ಶುರುವಾದರೆ ನಾಲ್ಕು ಜನ ಸೇರಿ ಬೋಲ್ಟ್ ಬಿಚ್ಚಿ ಎತ್ತಿಡುತ್ತೇವೆ. ಚಿಕ್ಕಮಗಳೂರಿನ ಒಂದು ವರ್ಕ್‌ಶಾಪಿನಲ್ಲಿ ರ‍್ಯಾಕ್ ಮಾಡಿಸಿದೆ. ಅಲ್ಲಿನ ಹುಡುಗ ಟಾಪಿಗೆ ಎಂಟು ತೂತು ಕೊರೆದು, ತಗಡಿಗೆ ಹೊಡೆಯುವ ಸ್ಕ್ರೂಗಳನ್ನೇ ನೇರವಾಗಿ ತಿರುಪಿದ. ಇಪ್ಪತ್ತು ನಿಮಿಷದ ಕೆಲಸ. ಕೈಯಲ್ಲಿ ಎಳೆದು ನೋಡಿದೆ, ಗಟ್ಟಿ ಇತ್ತು.

ಜೂನ್ ಬಂತು. ಕೊಟ್ಟಿಗೆಹಾರದ ಮಳೆ ಗೊತ್ತಲ್ಲ. ಒಂದು ದಿನ ಗಾಡಿ ಓಡಿಸುವಾಗ ಕುತ್ತಿಗೆ ಮೇಲೆ ತಣ್ಣಗೆ ಹನಿ ಬಿತ್ತು. ಒರೆಸಿದರೆ ಬೆರಳಿಗೆ ಚಹಾ ಬಣ್ಣದ ನೀರು, ತುಕ್ಕಿನ ವಾಸನೆ. ಅಂಗಡಿಯಲ್ಲಿ ಸಿಕ್ಕ ಸಿಲಿಕೋನ್ ಸೀಲೆಂಟ್ (ಸಂದು ಮುಚ್ಚುವ ಅಂಟು) ತಂದು ಮೆತ್ತಿದೆ. ಹಚ್ಚುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದು. ಆ ಥರದ ಸಿಲಿಕೋನ್ ಒಣಗುವಾಗ ಆಸಿಡ್ ಬಿಡುತ್ತದೆ, ಕಬ್ಬಿಣದ ಸ್ಕ್ರೂಗೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಇದು ನನಗೆ ಆಮೇಲೆ ಗೊತ್ತಾಯಿತು.

ಆಗಸ್ಟಿನಲ್ಲಿ ತೋಟದ ರಸ್ತೆಯ ಒಂದು ಗುಂಡಿಗೆ ಮುಂದಿನ ಚಕ್ರ ಇಳಿಯಿತು. ರ‍್ಯಾಕಿನ ಒಂದು ಬದಿ ಪೂರ್ತಿ ಕಿತ್ತು ಬಂತು. ಹಿಂದೆ ಅಕ್ಕನ ಮಗ ಕೂತಿದ್ದ. ಸ್ಪ್ಯಾನರ್ ಚೀಲ ಅವನ ಭುಜಕ್ಕೆ ಬಡಿಯಿತು. ಕತ್ತಿ ಅವನ ಎರಡು ಕಾಲಿನ ನಡುವೆ ಬಿತ್ತು. ಭುಜ ಊದಿಕೊಂಡಿದ್ದು ಬಿಟ್ಟರೆ ದೇವರ ದಯೆಯಿಂದ ಏನೂ ಆಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಕಿತ್ತು ಬಂದ ಸ್ಕ್ರೂ ಕೈಯಲ್ಲಿ ಹಿಡಿದು ನೋಡಿದೆ. ಅದರ ಮರೆಯಲ್ಲಿ, ಅಂದರೆ ಸುರುಳಿ ಥ್ರೆಡ್ಡಿನಲ್ಲಿ, ಬಿಳಿ ಪುಡಿ ತುಂಬಿತ್ತು, ಜೊತೆಗೆ ಕೂದಲಿನಂಥ ಎರಡು ಮೂರು ಗಾಜಿನ ಎಳೆ. ಸ್ಕ್ರೂ ಗಾತ್ರಕ್ಕೆ ಕೊರೆದ ತೂತಿನಲ್ಲಿ ಈಗ ಪೆನ್ಸಿಲ್ ಹೋಗುತ್ತಿತ್ತು. ಹೊರಗಡೆ ಪ್ರತಿ ತೂತಿನ ಸುತ್ತ ನಕ್ಷತ್ರದಂತೆ ಸಣ್ಣ ಬಿರುಕು.

ಕಾರಣ ಸುಲಭ. ಟಾಪ್ ಅಂದರೆ ಗಾಜಿನ ಎಳೆಯ ಚಾಪೆಯನ್ನು (ಮ್ಯಾಟ್) ಅಂಟಿನಂಥ ರೆಸಿನ್‌ನಲ್ಲಿ ಅದ್ದಿ ಗಟ್ಟಿ ಮಾಡಿದ್ದು. ನನ್ನದರ ದಪ್ಪ ಹೆಚ್ಚೆಂದರೆ 4 ಮಿಲಿಮೀಟರ್. ತಗಡಾದರೆ ಸ್ಕ್ರೂವಿನ ಮರೆಯನ್ನು ಕಚ್ಚಿ ಹಿಡಿಯುತ್ತದೆ. ಇಲ್ಲಿ ಗಾಡಿ ಅದುರಿದಷ್ಟೂ ರೆಸಿನ್ ಪುಡಿಯಾಗುತ್ತಾ ಹೋಗುತ್ತದೆ. ಮೇಲಿನ ಹೊಳಪಿನ ಪದರ, ಜೆಲ್ ಕೋಟ್, ಗಡುಸು. ಬಾಗುವ ಗುಣ ಕಡಿಮೆ, ಬಿರುಕೇ ಬಿಡುತ್ತದೆ. ತೂತಿನ ಅಂಚಿನಲ್ಲಿ ಕತ್ತರಿಸಿದ ಎಳೆಗಳ ಗುಂಟ ನೀರು ಒಳಗೆ ಇಳಿಯುತ್ತದೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಡಿಸೆಂಬರಿನಲ್ಲಿ ಎಂದಿನಂತೆ ನಾಲ್ಕು ಜನ ಟಾಪ್ ಎತ್ತಿದೆವು. ಎತ್ತುವಾಗ ಟಾಪ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಟಕ್ ಅಂತ ಸದ್ದು. ಒಂದು ತೂತಿನಿಂದ ಇನ್ನೊಂದಕ್ಕೆ ಒಂದು ಗೇಣು ಬಿರುಕು ಓಡಿತ್ತು. ಒಳಗಿನಿಂದ ಉಜ್ಜಿ, ಹೊಸ ಮ್ಯಾಟ್ ಹಾಕಿ, ಹೊರಗೆ ಬಣ್ಣ ಹೊಡೆಸಲು ರ‍್ಯಾಕಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಖರ್ಚಾಯಿತು. ಬಣ್ಣ ಇನ್ನೂ ಹೊಂದಿಲ್ಲ.

ರ‍್ಯಾಕ್ ಬೇಕೇ ಬೇಕು ಅಂದರೆ ಭಾರವನ್ನು ಕಬ್ಬಿಣಕ್ಕೆ ಕೊಡಿ. ಸೀಟಿನ ಮೇಲಿನ ಕಬ್ಬಿಣದ ಕಮಾನು, ಅಂದರೆ ರೋಲ್ ಬಾರ್‌ಗೆ ಕ್ಲಾಂಪ್ ಹಾಕಿಸಿ. ಆಗ ಟಾಪ್ ಬಿಚ್ಚಿದರೂ ರ‍್ಯಾಕ್ ಗಾಡಿಯಲ್ಲೇ ಇರುತ್ತದೆ, ಟಾಪ್ ಎತ್ತುವವರಿಗೂ ಭಾರ ಕಡಿಮೆ. ಚಿಕ್ಕ ಲೈಟೋ ಬಲೆಯೋ ಟಾಪಿಗೇ ಹಾಕಬೇಕಿದ್ದರೆ ಸ್ಕ್ರೂ ಬೇಡ, ಆರಪಾರ ನಟ್ಟು ಬೋಲ್ಟು ಹಾಕಿಸಿ. ತೂತು ಬೋಲ್ಟಿಗಿಂತ ಕೊಂಚ ದೊಡ್ಡದಿರಲಿ. ಅಂಚಿಗೆ ರೆಸಿನ್ ಸವರಿ ಒಣಗಿಸಿ. ಒಳಗೂ ಹೊರಗೂ ಅಗಲ ವಾಷರ್, ನಡುವೆ ಪಾಲಿಯುರೆಥೇನ್ ಸೀಲೆಂಟ್. ವಿಪರೀತ ಬಿಗಿಯಬೇಡಿ. ಡ್ರಿಲ್ ಮಾಡುವಾಗ ಹೊರಮೈಗೆ ಟೇಪ್ ಅಂಟಿಸಿ, ಹೊರಗಿನಿಂದಲೇ ನಿಧಾನವಾಗಿ ಕೊರೆಯಲಿ, ಹ್ಯಾಮರ್ ಮೋಡ್ (ಗುದ್ದುತ್ತಾ ಕೊರೆಯುವುದು) ಬೇಡವೇ ಬೇಡ. ಮೂಗಿಗೆ ಮಾಸ್ಕ್ ಇರಲಿ, ಆ ಪುಡಿ ಒಳ್ಳೆಯದಲ್ಲ, ಮೈಗೆ ಬಿದ್ದರೂ ದಿನವಿಡೀ ತುರಿಕೆ. ಲೈಟಿನ ವೈರಿಗೆ ಕಳಚುವ ಕನೆಕ್ಟರ್ ಹಾಕಿಸಿ, ಇಲ್ಲದಿದ್ದರೆ ಟಾಪ್ ಎತ್ತುವ ದಿನ ಯಾರೋ ಮರೆತು ವೈರ್ ಕಿತ್ತೇ ಬಿಡುತ್ತಾರೆ.

ಈಗಾಗಲೇ ಸ್ಕ್ರೂ ಹೊಡೆಸಿದವರು ಇವತ್ತೇ ಒಂದು ನಾಣ್ಯ ತೆಗೆದುಕೊಂಡು ತೂತಿನ ಸುತ್ತ ತಟ್ಟಿ ನೋಡಿ. ಗಟ್ಟಿ ಜಾಗ ಟಣ್ ಅನ್ನುತ್ತದೆ. ಡಬ್ ಡಬ್ ಅಂದರೆ ಒಳಗೆ ಪದರ ಬಿಟ್ಟಿದೆ ಅಂತ ಲೆಕ್ಕ. ಮೊದಲು ರ‍್ಯಾಕಿನಿಂದ ಕತ್ತಿ, ಸ್ಪ್ಯಾನರ್ ಇಳಿಸಿ. ಮಕ್ಕಳನ್ನು ಅದರ ಕೆಳಗೆ ಕೂರಿಸಬೇಡಿ.