ಸಾಬರಮತಿ ರಿವರ್‌ಫ್ರಂಟ್: ಆರು ವರ್ಷ ನಡೆದವಳ ಅನುಭವ

ತುಂಗೆಯ ಮಗ್ಗುಲಲ್ಲಿ ಬೆಳೆದವಳು ನಾನು. ಅಹಮದಾಬಾದಿಗೆ ವರ್ಗವಾದಾಗ ಇದ್ದ ಸಮಾಧಾನ ಒಂದೇ, ಇಲ್ಲೂ ಊರ ನಡುವೆ ಹೊಳೆ ಹರಿಯುತ್ತದಲ್ಲ ಅಂತ. ಹರಿಯುತ್ತದೆ ಅನ್ನೋದು ತಪ್ಪು, ನಿಂತಿದೆ. ನರ್ಮದಾ ಕಾಲುವೆಯಿಂದ ನೀರು ಬಿಟ್ಟುಕೊಂಡು, ಕೆಳಗೆ ವಾಸಣಾ ಬ್ಯಾರೇಜಿನಲ್ಲಿ ತಡೆದಿದ್ದಾರೆ. ಊರು ದಾಟಿ ಮೇಲಕ್ಕೆ ಹೋದರೆ ಬೇಸಿಗೆಯಲ್ಲಿ ಮರಳೇ ಮರಳು.

ಈ ನಿಂತ ನೀರಿನ ಎರಡೂ ದಂಡೆಗೆ ಕಟ್ಟಿದ ನಡೆದಾರಿಯೇ ರಿವರ್‌ಫ್ರಂಟ್. ಜಾಗ ಹೇಗಿದೆ ಅಂತ ಫೋಟೋದಲ್ಲಿ ಎಲ್ಲರೂ ನೋಡಿರ್ತೀರಿ. ನನ್ನದು ಬೆಳಗಿನ ಐದೂ ಮುಕ್ಕಾಲು. ಉಸ್ಮಾನಪುರದ ಹತ್ತಿರ ಮೆಟ್ಟಿಲಿಳಿದು ನೀರಿನ ಪಕ್ಕದ ಕೆಳದಾರಿ ಹಿಡಿದರೆ ಗಾಂಧಿ ಬ್ರಿಡ್ಜ್, ಆಮೇಲೆ ನೆಹರು ಬ್ರಿಡ್ಜ್. 1892ರ ಎಲ್ಲಿಸ್ ಬ್ರಿಡ್ಜಿನ ಕಬ್ಬಿಣದ ಕಮಾನು ಕಂಡ ಕೂಡಲೇ ನಿಂತು ಫ್ಲಾಸ್ಕ್ ಮುಚ್ಚಳಕ್ಕೆ ಕಾಫಿ ಬಗ್ಗಿಸುತ್ತೇನೆ. ಚಿಕ್ಕಮಗಳೂರಿನ ಪುಡಿ, ಊರಿಂದಲೇ ತರಿಸೋದು. ಎದುರು ದಂಡೆಯಲ್ಲಿ ಹಳೇ ಊರಿನ ಮೇಲೆ ಸೂರ್ಯ ಬರುವಷ್ಟರಲ್ಲಿ ಲೋಟ ಖಾಲಿ. ಸಿಗ್ನಲ್ ಇಲ್ಲ, ಹಾರನ್ ಇಲ್ಲ, ದನ ಅಡ್ಡ ಬರಲ್ಲ. ಕಾಸೂ ಕೊಡಬೇಕಾಗಿಲ್ಲ. ಗಾಳಿಪಟದ ಹಾಗೆ ಬಣ್ಣ ಬಣ್ಣದ ಅಟಲ್ ಬ್ರಿಡ್ಜಿಗೆ ಮಾತ್ರ ಟಿಕೆಟ್. ನೆಂಟರು ಬಂದಾಗ ಎರಡು ಸಲ ಹತ್ತಿದ್ದೇನೆ, ಸಾಕು.

ಆದರೆ ನೆರಳು! ಕೆಳದಾರಿಯಲ್ಲಿ ಕಣ್ಣು ಹಾಯಿಸಿದಷ್ಟೂ ಕಾಂಕ್ರೀಟು. ಮೇ ತಿಂಗಳಲ್ಲಿ ಏಳೂವರೆ ಆಯಿತೆಂದರೆ ಕಾವಲಿ ಮೇಲೆ ನಡೆದ ಹಾಗೆ. ಸಂಜೆ ಪಶ್ಚಿಮ ದಂಡೆಯವರಿಗೆ ಬೆನ್ನ ಹಿಂದಿನ ತಡೆಗೋಡೆಯದೇ ನೆರಳು ಬೀಳುತ್ತದೆ, ನಿಜ. ಅದೇ ಗೋಡೆ ಹಗಲೆಲ್ಲ ಕುಡಿದ ಬಿಸಿಲನ್ನು ಮೈಮೇಲೆ ಕಕ್ಕುತ್ತದೆ. ಇಷ್ಟು ಕೋಟಿ ಸುರಿದವರಿಗೆ ನಾಲ್ಕು ಹೊಂಗೆ ನೆಡುವ ಬುದ್ಧಿ ಬರಲಿಲ್ಲವೇ ಅಂತ ಪ್ರತಿ ಬೇಸಿಗೆ ಬೈದಿದ್ದೇನೆ. ಇದೇ ದಂಡೆಯಿಂದ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ಊರಾಚೆಗೆ ಕಳಿಸಿದ್ದು ನೆನಪಾದರೆ ಕಾಫಿಯೂ ಸ್ವಲ್ಪ ಕಹಿಯೇ. ಐದಕ್ಕೆ ಮೂರು ಕೊಡೋಣ ಅಂತಿದ್ದೆ.

ಕಳೆದ ಮಳೆಗಾಲದಲ್ಲಿ ಧರೋಯಿ ಅಣೆಕಟ್ಟಿಂದ ನೀರು ಬಿಟ್ಟರು. ಕೆಳದಾರಿಗೆ ಹಗ್ಗ ಕಟ್ಟಿ, ಸೀಟಿ ಊದಿ ಎಲ್ಲರನ್ನೂ ಮೇಲಕ್ಕೆ ಅಟ್ಟಿದರು. ಮೇಲಿನ ಕಟಕಟೆಗೆ ಒರಗಿ ನೋಡಿದರೆ ಕನ್ನಡಿಯಂತಿದ್ದ ನೀರು ಕೆಂಪಗೆ, ಮರದ ಕೊಂಬೆ, ಪಾಚಿ, ಯಾರದೋ ಚಪ್ಪಲಿ ಎಲ್ಲ ಹೊತ್ತು ಓಡುತ್ತಿತ್ತು. ಸದ್ದು ಬರುತ್ತಿತ್ತು! ಇಷ್ಟು ವರ್ಷದಲ್ಲಿ ಈ ನದಿಯ ದನಿ ಕೇಳಿದ್ದು ಅದೇ ಮೊದಲು. ಶಿವಮೊಗ್ಗದಲ್ಲಿರುವ ಅಮ್ಮನಿಗೆ ಫೋನ್ ಹಚ್ಚಿ ಕಟಕಟೆಯಾಚೆ ಹಿಡಿದೆ.

"ಅಲ್ಲೂ ಮಳೆನಾ?" ಅಂದರು.

"ಅಲ್ಲಮ್ಮ, ಹೊಳೆ."

ಮೂರೂವರೆ ಮಾಡಿದ್ದೇನೆ. ಅರ್ಧ ಅಂಕ, ದಾರಿ ಮುಚ್ಚಿದ್ದ ಆ ದಿನಗಳಿಗೆ.