ಆಫೀಸ್ ಪಿಸಿಗೆ ರಿಮೋಟ್ ಡೆಸ್ಕ್‌ಟಾಪ್: ಓಪನ್‌ವಿಪಿಎನ್, ವೈರ್‌ಗಾರ್ಡ್, ಟೇಲ್‌ಸ್ಕೇಲ್ ಮೂರನ್ನೂ ಬಳಸಿ ನೋಡಿದ್ಮೇಲೆ

ಮನೆಯಿಂದ ಆಫೀಸ್ ಪಿಸಿ ಬಳಸೋಕೆ ರೂಟರ್‌ನಲ್ಲಿ 3389 ಪೋರ್ಟ್ (ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು) ತೆರೆದಿಟ್ಟು ನೇರವಾಗಿ ಕನೆಕ್ಟ್ ಆಗೋದನ್ನ ನಾನು ಲೆಕ್ಕಕ್ಕೇ ತಗೊಂಡಿಲ್ಲ, 2019ರಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ ಬ್ಲೂಕೀಪ್ ಅನ್ನೋ ಭದ್ರತಾ ಲೋಪ ಹೊರಬಿದ್ದಾಗ ಹಳೇ ವಿಂಡೋಸ್ ಮೆಷಿನ್‌ಗಳಿಗೆ ಪಾಸ್‌ವರ್ಡೇ ಇಲ್ದೆ ನುಗ್ಬೋದು ಅಂತ ಗೊತ್ತಾಯ್ತಲ್ಲ, ಇನ್ನೂ ಹಾಗೆ ಇಟ್ಕೊಂಡಿರೋರು ದಯವಿಟ್ಟು ಇವತ್ತೇ ಮುಚ್ಚಿ. ವಿಪಿಎನ್, ಅಂದ್ರೆ ಇಂಟರ್ನೆಟ್ ಒಳಗೇ ಬೇರೆಯವ್ರು ಓದೋಕಾಗದ ಖಾಸಗಿ ದಾರಿ (ಟನಲ್), ಬೇಕೇ ಬೇಕು, ಈ ಮೂರೂ ಅದನ್ನೇ ಮಾಡೋದು.

ಸ್ಪೀಡ್ ಎಲ್ರೂ ನೋಡ್ತಾರೆ. ನನಗೆ ಮುಖ್ಯ ಅನ್ಸೋದು, ಕನೆಕ್ಷನ್ ಕೈಕೊಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಎಷ್ಟು ಬೇಗ ಗೊತ್ತಾಗುತ್ತೆ ಅನ್ನೋದು.

ಓಪನ್‌ವಿಪಿಎನ್ ನಿಧಾನ, ಆದ್ರೆ ಇದ್ದದ್ದನ್ನ ಬಾಯಿಬಿಟ್ಟು ಹೇಳುತ್ತೆ. ಲಾಗ್‌ನಲ್ಲಿ ಟಿಎಲ್‌ಎಸ್ (ಎರಡೂ ಕಡೆ ಸುರಕ್ಷಿತವಾಗಿ ಪರಿಚಯ ಮಾಡ್ಕೊಳ್ಳೋ ಹಂತ) 60 ಸೆಕೆಂಡಾದ್ರೂ ಆಗ್ಲಿಲ್ಲ ಅಂತಿದ್ರೆ ಸಾಮಾನ್ಯವಾಗಿ ಮಧ್ಯೆ ಯಾವ್ದೋ ಫೈರ್‌ವಾಲ್ ಓಪನ್‌ವಿಪಿಎನ್ ಬಳಸೋ 1194 ಯುಡಿಪಿ ಪೋರ್ಟನ್ನ ತಡೀತಿರುತ್ತೆ, ಆಥ್ ಫೇಲ್ಡ್ ಅಂತಿದ್ರೆ ಯೂಸರ್‌ನೇಮ್ ಪಾಸ್‌ವರ್ಡ್ ಕಡೆ ನೋಡಿ. ಯುಡಿಪಿ ಬದ್ಲು ಟಿಸಿಪಿ 443ರಲ್ಲಿ (ವೆಬ್‌ಸೈಟ್‌ಗಳು ಬಳಸೋ ಪೋರ್ಟ್) ಓಡಿಸಿದ್ರೆ ಲಾಡ್ಜ್ ವೈಫೈಯಲ್ಲೂ ಹೆಚ್ಚಾಗಿ ದಾಟ್ಕೊಂಡು ಹೋಗುತ್ತೆ, ಆದ್ರೆ ಟಿಸಿಪಿ ಒಳಗೆ ಟಿಸಿಪಿ ಆಗಿ, ಕಳೆದುಹೋದ ಪ್ಯಾಕೆಟನ್ನ ಎರಡೂ ಮತ್ತೆ ಮತ್ತೆ ಕಳಿಸೋದ್ರಿಂದ ನೆಟ್ ಸ್ವಲ್ಪ ವೀಕ್ ಆದ್ರೂ ಮೌಸ್ ಎಳೆದ್ಮೇಲೆ ತಡವಾಗಿ ಅಲ್ಲಾಡುತ್ತೆ.

ವೈರ್‌ಗಾರ್ಡ್ 2020ರಿಂದ ಲಿನಕ್ಸ್ ಕರ್ನಲ್ (ಸಿಸ್ಟಮ್‌ನ ತಿರುಳು) ಒಳಗೇ ಇದೆ, ತುಂಬಾ ಹಗುರ, ದೊಡ್ಡ ಎಕ್ಸೆಲ್ ಶೀಟ್ ಕೂಡ ಸರಾಗವಾಗಿ ಸ್ಕ್ರಾಲ್ ಆಗುತ್ತೆ. ತೊಂದ್ರೆ ಏನಂದ್ರೆ ಕೆಟ್ಟಾಗ ತುಟಿಪಿಟಕ್ ಅನ್ನಲ್ಲ! ಕೀ ತಪ್ಪಿರ್ಲಿ, ಯುಡಿಪಿ ಬ್ಲಾಕ್ ಆಗಿರ್ಲಿ, ಆಪ್‌ನಲ್ಲಿ ಆಕ್ಟಿವ್ ಅಂತಲೇ ಇರುತ್ತೆ. ಲೇಟೆಸ್ಟ್ ಹ್ಯಾಂಡ್‌ಶೇಕ್ (ಎರಡೂ ಕಡೆ ಕೊನೇ ಸಲ ಮಾತಾಡ್ಕೊಂಡಿದ್ದು ಯಾವಾಗ) ಅನ್ನೋ ಸಾಲು ನೋಡಿ, ಅದಿಲ್ಲ ಅಂದ್ರೆ ಟನಲ್ಲೇ ಆಗಿಲ್ಲ. ಇನ್ನೊಂದು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಲಾಗಿನ್ ಆಗುತ್ತೆ, ಆಮೇಲೆ ಬರೀ ಕಪ್ಪು ಸ್ಕ್ರೀನ್, ಆಮೇಲೆ ಡಿಸ್ಕನೆಕ್ಟ್. ಪಾಸ್‌ವರ್ಡ್ ಹೋಗೋ ಚಿಕ್ಕ ಪ್ಯಾಕೆಟ್ ದಾಟುತ್ತೆ, ಸ್ಕ್ರೀನ್ ಚಿತ್ರ ಹೊತ್ಕೊಂಡು ಬರೋ ದೊಡ್ಡ ಪ್ಯಾಕೆಟ್ ದಾರಿಲೇ ಬಿದ್ದೋಗುತ್ತೆ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಡಿಫಾಲ್ಟ್ 1420 ಬೈಟ್ ಇರುತ್ತೆ, ಎರಡೂ ಕಡೆ 1280 ಮಾಡಿದ್ರೆ ಸರಿಹೋಗುತ್ತೆ, ಇದು ಗೊತ್ತಿಲ್ದೆ ಜನ ವಿಂಡೋಸನ್ನೇ ರೀಇನ್‌ಸ್ಟಾಲ್ ಮಾಡ್ತಾರೆ, ಪಾಪ.

ಟೇಲ್‌ಸ್ಕೇಲ್ ಒಳಗಿರೋದೂ ವೈರ್‌ಗಾರ್ಡೇ, ಆದ್ರೆ ಆಫೀಸ್ ರೂಟರ್‌ಗೆ ಪಬ್ಲಿಕ್ ಐಪಿ (ಹೊರಗಿಂದ ನೇರವಾಗಿ ತಲುಪೋ ವಿಳಾಸ) ಇಲ್ದಿದ್ರೂ ನಡೆಯುತ್ತೆ, ಪೋರ್ಟ್ ತೆರೆಯೋ ಗೋಜೇ ಇಲ್ಲ. ನೇರ ದಾರಿ ಸಿಗದಿದ್ರೆ ರಿಲೇ ಸರ್ವರ್ ಮೂಲಕ ಸುತ್ತಿ ಹೋಗುತ್ತೆ, ಆಗ ಸ್ಲೋ. ಟೇಲ್‌ಸ್ಕೇಲ್ ಪಿಂಗ್ ಅನ್ನೋ ಕಮಾಂಡ್ ಕೊಟ್ರೆ ಯಾವ ದಾರಿ ಅಂತ ಅದೇ ಹೇಳುತ್ತೆ. ಪ್ರತಿ ಮೆಷಿನ್‌ನ ಲಾಗಿನ್ ಕೀ ಡಿಫಾಲ್ಟ್ ಆಗಿ 180 ದಿನಕ್ಕೆ ಎಕ್ಸ್‌ಪೈರ್ ಆಗುತ್ತೆ, ಆಫೀಸ್ ಪಿಸಿಗೆ ಮಾತ್ರ ಈ ಎಕ್ಸ್‌ಪೈರಿಯನ್ನ ಮೊದ್ಲೇ ಆಫ್ ಮಾಡಿಡಿ, ಇಲ್ಲಾಂದ್ರೆ ಒಂದಿನ ಬೆಳಿಗ್ಗೆ ಅಲ್ಲಿಗೇ ಹೋಗಿ ಲಾಗಿನ್ ಮಾಡ್ಬೇಕಾಗುತ್ತೆ.

ಸಣ್ಣ ಆಫೀಸ್, ಐಟಿಯವ್ರು ಯಾರೂ ಇಲ್ಲ ಅಂದ್ರೆ ನಾನು ಟೇಲ್‌ಸ್ಕೇಲೇ ಹಾಕ್ಕೊಡ್ತೀನಿ. ಊರೂರು ತಿರುಗೋರಿಗೆ ಜೊತೆಗೆ 443ರ ಓಪನ್‌ವಿಪಿಎನ್ ಪ್ರೊಫೈಲೂ ಒಂದಿರ್ಲಿ. ಯಾವ್ದೇ ಆದ್ರೂ ಟನಲ್ ಆದ್ಮೇಲೆ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್‌ಗೆ ಪಿಸಿ ಐಪಿ, 3389 ಕೊಡಿ. ಫಾಲ್ಸ್ ಬಂದ್ರೆ ಮನೆ ಆಫೀಸ್ ಎರಡೂ 192.168.1ರಲ್ಲೇ ಇದ್ಯಾ ನೋಡಿ (ಹಾಗಿದ್ರೆ ಆ ಪಿಸಿನ ಮನೆ ನೆಟ್‌ವರ್ಕ್‌ನಲ್ಲೇ ಹುಡುಕುತ್ತೆ), ಆಮೇಲೆ ಆ ಪಿಸಿ ಫೈರ್‌ವಾಲ್ ರೂಲ್ ಲೋಕಲ್ ಸಬ್‌ನೆಟ್‌ಗೆ (ಆಫೀಸ್ ಒಳಗಿನ ನೆಟ್‌ವರ್ಕ್‌ಗೆ) ಮಾತ್ರ ಇದ್ರೆ ವಿಪಿಎನ್ ಐಪಿ ರೇಂಜನ್ನೂ ಸೇರಿಸಿ.