ಕಾಲಿನ ಪಟ್ಟಿ ಬಿಚ್ಚಿಸದೆ ಕುದುರೆ ಕೊಳ್ಳಬೇಡಿ

ನಮ್ಮದು ಗುಬ್ಬಿ ಹತ್ತಿರ ತೆಂಗು, ಅಡಿಕೆ ತೋಟ. ಎತ್ತು, ಹಸುಗಳ ವ್ಯಾಪಾರ ತಾತನ ಕಾಲದಿಂದ ಮನೆಯಲ್ಲಿ ನೋಡಿಕೊಂಡೇ ಬೆಳೆದವನು ನಾನು. ಆ ಧೈರ್ಯದ ಮೇಲೆಯೇ ಕುದುರೆ ಕೊಳ್ಳಲು ಹೋದೆ. 95,000 ರೂಪಾಯಿ ಕೊಟ್ಟು ತಂದು, ನಾಲ್ಕನೇ ದಿನಕ್ಕೆ ತಲೆ ಮೇಲೆ ಕೈ ಹೊತ್ತು ಕೂತೆ.

ಮಗಳಿಗೆ ಕುದುರೆ ಹುಚ್ಚು. ರೈಡಿಂಗ್ ಕಲಿಯಲು ವಾರವಾರ ಬೆಂಗಳೂರಿಗೆ ಕರೆದುಕೊಂಡು ಹೋಗುವ ಖರ್ಚು ನೋಡಿ, ಒಂದು ಕುದುರೆಯನ್ನೇ ತಂದು ಕಟ್ಟೋಣ ಅನ್ನಿಸಿತು. ಭಾಮೈದನಿಗೆ ಒಬ್ಬ ದಲ್ಲಾಳಿಯ ಪರಿಚಯ ಇತ್ತು. ಮದುವೆ ಮೆರವಣಿಗೆಗೂ ಕುದುರೆ ಕಳಿಸುವವನು. "ಅಣ್ಣಾ, ಕುಣಿಗಲ್ ಫಾರಂದು. ಬೆಂಗಳೂರು ರೇಸಲ್ಲಿ ಓಡಿರೋ ಹೆಣ್ಣು ಕುದುರೆ. ಆರೇ ವರ್ಷ" ಅಂದ. ಕುಣಿಗಲ್ ಅಂದರೆ ನಮ್ಮ ಜಿಲ್ಲೆಯವರ ಕಿವಿ ನೆಟ್ಟಗಾಗುತ್ತದೆ, ಅಲ್ವಾ? ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಜಾಗ, ಆಮೇಲೆ ರೇಸ್ ಕುದುರೆಗಳ ತವರು. ಫಾರಂ ಹೆಸರು ಅವನ ಬಾಯಲ್ಲಿ ಇತ್ತೇ ಹೊರತು ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ನೋಡಲು ಹೋದ ದಿನ ಮಾವನವರನ್ನೂ ಕರೆದುಕೊಂಡು ಹೋಗಿದ್ದೆ. ಅವರು ಸುಳಿ ನೋಡುವುದರಲ್ಲಿ ಎತ್ತಿದ ಕೈ. ಹಣೆಯ ಸುಳಿ, ಎದೆಯ ಸುಳಿ, ಪಕ್ಕೆಯ ಸುಳಿ ಎಲ್ಲ ನೋಡಿ "ದೋಷ ಇಲ್ಲ, ಹಿಡ್ಕೋ" ಅಂದರು. ಅರ್ಧ ಗಂಟೆ ಸುಳಿ ನೋಡಿದ ನಾವು ಕಾಲು ನೋಡಲೇ ಇಲ್ಲ. ಎರಡು ಮುಂಗಾಲಿಗೂ ಮಂಡಿಯಿಂದ ಗೊರಸಿನ ಮೇಲಿನವರೆಗೆ ಕೆಂಪು ಪಟ್ಟಿ ಸುತ್ತಿದ್ದ. ಅಂಚಿಗೆ ಜರಿ ಬೇರೆ. ಮೆರವಣಿಗೆ ಅಲಂಕಾರ ಅಂದುಕೊಂಡೆ. ತೆಂಗಿನ ಮರಗಳ ನಡುವೆ, ಮರಳು ಮಣ್ಣಿನ ಮೇಲೆ ಎರಡು ಸುತ್ತು ಓಡಿಸಿ ತೋರಿಸಿದ. ಚೆನ್ನಾಗಿಯೇ ಓಡಿತು. ಟವಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಯಿತು. ಈ ಕಾಲದಲ್ಲೂ ಟವಲ್ಲೇ!

ಮೂರು ದಿನ ಏನೂ ಗೊತ್ತಾಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮನೆ ಮುಂದಿನ ಸಿಮೆಂಟ್ ರಸ್ತೆಯಲ್ಲಿ ಮಗಳು ಹಗ್ಗ ಹಿಡಿದು ನಡೆಸುತ್ತಿದ್ದಳು. ಲಾಳದ ಸದ್ದು ಸರಿಯಾಗಿ ಬರುತ್ತಿರಲಿಲ್ಲ. ಮೂರು ಸಲ ಟಕ್ ಅಂತ ಜೋರಾಗಿ, ನಾಲ್ಕನೆಯದು ಮೆತ್ತಗೆ. ಜೊತೆಗೆ ಹೆಜ್ಜೆ ಹೆಜ್ಜೆಗೂ ತಲೆ ಆಡಿಸುತ್ತಿತ್ತು, ಏನೋ ಒಪ್ಪಿಕೊಂಡ ಹಾಗೆ. "ಅಪ್ಪಾ, ಹೂಂ ಅಂತಿದೆ ನೋಡು" ಅಂತ ಅವಳು ನಕ್ಕಳು.

ಸಂಜೆ ಬಂದ ಡಾಕ್ಟ್ರು ನಗಲಿಲ್ಲ. ಕುದುರೆ ಹಾಗೆ ತಲೆ ಆಡಿಸುವುದು ಮುಂಗಾಲಿನ ನೋವಿಗೆ. ನೋವಿರುವ ಕಾಲು ಊರುವಾಗ ತಲೆ ಮೇಲೆತ್ತುತ್ತದೆ, ಒಳ್ಳೆ ಕಾಲು ಊರುವಾಗ ಇಳಿಸುತ್ತದೆ. ಪಟ್ಟಿ ಬಿಚ್ಚಿಸಿದರು. ಎಡ ಮುಂಗಾಲಿನ ಹಿಂಭಾಗ ನೆಟ್ಟಗಿರಬೇಕಾದದ್ದು ಬಾಳೆಕಾಯಿ ತರಹ ಉಬ್ಬಿ ಬಾಗಿತ್ತು. ಡಾಕ್ಟ್ರು ಹೆಬ್ಬೆರಳಿಂದ ಮೇಲಿಂದ ಕೆಳಗೆ ಒತ್ತುತ್ತಾ ಬಂದರು. ಉಬ್ಬಿನ ಹತ್ತಿರ ಬಂದ ಕೂಡಲೇ ಕುದುರೆ ಕಾಲು ಕಿತ್ತುಕೊಂಡಿತು. ನನ್ನ ಕೈಯನ್ನೂ ಅಲ್ಲಿ ಇಡಿಸಿದರು. ಬಿಸಿ. ಇನ್ನೊಂದು ಕಾಲು ತಣ್ಣಗಿತ್ತು.

ರೇಸಿನ ಓಟದಲ್ಲಿ ಮೈಯ ಭಾರವೆಲ್ಲ ಒಂದೊಂದು ಕ್ಷಣ ಒಂದೇ ಮುಂಗಾಲಿನ ಮೇಲೆ ಬೀಳುತ್ತದಂತೆ. ಆಗ ನಾವು ನರ ಅನ್ನುವ ಆ ಗಟ್ಟಿ ಹುರಿಯ ಎಳೆಗಳು ಹರಿಯುತ್ತವೆ. ಕೂಡಿಕೊಳ್ಳಲು ಒಂಬತ್ತು ತಿಂಗಳು, ಒಂದು ವರ್ಷವೂ ಬೇಕು. ಕೂಡಿದ ಮೇಲೂ ಮೊದಲಿನ ಬಲ ಬರುವುದಿಲ್ಲ. ಇದಕ್ಕೆ ಹಳೆಯ ಗಾಯ, ಅದರ ಮೇಲೆ ಹೊಸ ಗಾಯ. ಹಾಗಾದರೆ ಅವತ್ತು ಹೇಗೆ ಓಡಿತು? ಫಿನೈಲ್‌ಬ್ಯುಟಜೋನ್ ಅಂತ ಒಂದು ನೋವಿನ ಔಷಧಿ ಇದೆ. ಸರಿಯಾಗಿ ಕೊಟ್ಟರೆ ಒಳ್ಳೆಯದೇ. ವ್ಯಾಪಾರದ ಹಿಂದಿನ ದಿನ ಕೊಟ್ಟರೆ ಕುಂಟು ಮುಚ್ಚಿಹೋಗುತ್ತದೆ. ಅದರ ಮೇಲೆ ಮೆತ್ತನೆ ಮರಳು. ಗಟ್ಟಿ ನೆಲದ ಮೇಲೆ ಓಡಿಸಿ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.

ವಯಸ್ಸಂತೂ ಕೇಳಲೇಬೇಡಿ. ಮೇಲಿನ ಸಾಲಿನ ಮುಂದಿನ ಹಲ್ಲುಗಳಲ್ಲಿ ಕಡೆಯ ಹಲ್ಲಿನ ಮೇಲೆ ಒಂದು ಕಂದು ಗೀರು ಇರುತ್ತದೆ. ಹತ್ತು ವರ್ಷದ ಹೊತ್ತಿಗೆ ಒಸಡಿನ ಹತ್ತಿರ ಕಾಣಿಸಿಕೊಂಡು, ಹದಿನೈದರ ಹೊತ್ತಿಗೆ ಹಲ್ಲಿನ ಅರ್ಧಕ್ಕೆ ಇಳಿಯುತ್ತದೆ. ನಮ್ಮದಕ್ಕೆ ಅರ್ಧದ ಹತ್ತಿರ ಇತ್ತು. ಆರು ವರ್ಷ ಅಂದಿದ್ದ ಮಹಾನುಭಾವ! ನಿಜವಾದ ರೇಸ್ ಕುದುರೆಯಾದರೆ ಪುಣೆಯ ಸ್ಟಡ್ ಬುಕ್‌ನಲ್ಲಿ, ಅಂದರೆ ರೇಸ್ ಕುದುರೆಗಳ ತಳಿ ದಾಖಲೆಯಲ್ಲಿ, ಹೆಸರು ಇರುತ್ತದೆ, ಪಾಸ್‌ಪೋರ್ಟ್ ಇರುತ್ತದೆ, ಕುತ್ತಿಗೆಯ ಎಡಗಡೆ ಮೈಕ್ರೋಚಿಪ್ ಇರುತ್ತದೆ. ಪಾಸ್‌ಪೋರ್ಟ್ "ಮನೇಲಿದೆ, ಆಮೇಲೆ ಕಳಿಸ್ತೀನಿ" ಅಂದವನು ಇನ್ನೂ ಕಳಿಸುತ್ತಲೇ ಇದ್ದಾನೆ.

ರಕ್ತ ಪರೀಕ್ಷೆ ಮಾಡಿಸದೆ ತಂದಿದ್ದಕ್ಕೆ ಡಾಕ್ಟ್ರು ಸರಿಯಾಗಿ ಬೈದರು. ಕುದುರೆಗೆ ಗ್ಲ್ಯಾಂಡರ್ಸ್ ಅಂತ ಒಂದು ರೋಗ ಬರುತ್ತದೆ, ಮನುಷ್ಯರಿಗೂ ಅಂಟುತ್ತದೆ. ಅದು ಇದೆ ಅಂತ ಗೊತ್ತಾದರೆ ಸರ್ಕಾರಕ್ಕೆ ತಿಳಿಸಲೇಬೇಕು, ಆ ಕುದುರೆಯನ್ನು ಉಳಿಸುವುದಿಲ್ಲ. ನಾನೋ ಹಸುವಿನ ಪಕ್ಕದಲ್ಲೇ ಕಟ್ಟಿ, ಮಗಳ ಕೈಯಲ್ಲಿ ಮೂತಿ ಒರೆಸಿಸಿದ್ದೆ. ರಕ್ತ ಕಳಿಸಿ ವರದಿ ಬರುವವರೆಗೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ರೋಗ ಇಲ್ಲ ಅಂತ ಬಂತು. ಅಮ್ಮ ಹಸುವಿಗೆ ಹಾಕಿದ ಹಾಗೆ ಇದಕ್ಕೂ ಉಳಿದ ಅನ್ನ, ಬೂಸಾ ಕಲಸಿ ಹಾಕುತ್ತಿದ್ದರು. ಡಾಕ್ಟ್ರು ಅದನ್ನೂ ನಿಲ್ಲಿಸಿದರು. ಕುದುರೆಯ ಹೊಟ್ಟೆ ಚಿಕ್ಕದು, ವಾಂತಿ ಮಾಡಲು ಅದಕ್ಕೆ ಬರುವುದೇ ಇಲ್ಲ, ಹೊಟ್ಟೆಶೂಲೆ ಬಂದರೆ ಪ್ರಾಣಕ್ಕೇ ಕುತ್ತು.

ದಲ್ಲಾಳಿಗೆ ಫೋನ್ ಮಾಡಿದೆ. ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದೆ, ಬರಲಿಲ್ಲ. "ಬೇಡ ಅಂದ್ರೆ 40,000ಕ್ಕೆ ವಾಪಸ್ ತಗೋತೀನಿ ಅಣ್ಣಾ. ಮದುವೆ ಸೀಸನ್ನು. ಒಂದು ಇಂಜೆಕ್ಷನ್ ಕೊಟ್ರೆ ಮೆರವಣಿಗೆ ಮುಗಿಯೋ ತನಕ ನಿಲ್ಲುತ್ತೆ" ಅಂದ. ಅಷ್ಟು ಸಲೀಸಾಗಿ! ಕೈಲಾಗದ ಪ್ರಾಣಿಯನ್ನು ಕೆಲಸಕ್ಕೆ ಹಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಅವನು ಯಾಕೆ ಹೆದರುತ್ತಾನೆ?

ವಾಪಸ್ ಕೊಡಲು ಮನಸ್ಸು ಬರಲಿಲ್ಲ. ತೋಟದ ಬೇಲಿಯೊಳಗೆ ಮೇಯ್ದುಕೊಂಡಿದೆ. ಮಗಳು ಹತ್ತುವುದಿಲ್ಲ, ಮೈ ಉಜ್ಜುತ್ತಾಳೆ.

ಹೋದ ವಾರ ಚಿಂತಾಮಣಿ ಕಡೆಯ ಪರಿಚಯದವರೊಬ್ಬರು ಒಂದು ಕುದುರೆಯ ಫೋಟೋ ಕಳಿಸಿ, ಕೊಳ್ಳಬಹುದಾ ಅಂತ ಕೇಳಿದರು. ದಲ್ಲಾಳಿ ಬೇರೆಯವನು. ಪಟ್ಟಿ ಮಾತ್ರ ಅದೇ ಕೆಂಪು, ಎರಡು ಮುಂಗಾಲಿಗೂ. ಮೊದಲು ಬಿಚ್ಚಿಸಿ, ಆಮೇಲೆ ಡಾಂಬರು ರಸ್ತೆಗೆ ಇಳಿಸಲು ಹೇಳಿ ಅಂದೆ. ಸಂಜೆ ಅವರೇ ಫೋನ್ ಮಾಡಿದರು. ಪಟ್ಟಿ ಬಿಚ್ಚಿದರೆ ಕಾಲಿಗೆ ಶೀತ ಆಗುತ್ತೆ ಅಂದನಂತೆ ಆ ಪುಣ್ಯಾತ್ಮ. ಏಪ್ರಿಲ್ ಬಿಸಿಲಲ್ಲಿ.